ಲಾರಿ ಲೆಕ್ಕದ ಹಳದಿ ಸಾಲುಗಳು

ಯಾರಾದರೂ ಹೊಸ ಗಾಡಿ ಕೊಂಡರೆ ನಮ್ಮೂರಿನಲ್ಲಿ ಕೇಳುವ ಮೊದಲ ಪ್ರಶ್ನೆ, ‘ಮೈಲೇಜ್ ಎಷ್ಟು ಬರುತ್ತೆ?’ ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು ಅದರ ಅರ್ಥ. ಸರಕು ಸಾಗಣೆ ಕಂಪನಿಗಳ ಕಚೇರಿಯಲ್ಲಿ ಈ ಪದಕ್ಕೆ ಎರಡು ಅರ್ಥ. ಗಾಡಿ ಓಡಿದ ದೂರವೂ ಮೈಲೇಜೇ, ಲೀಟರಿಗೆ ಸಿಕ್ಕ ದೂರವೂ ಮೈಲೇಜೇ. ಮೊದಲನೆಯದು ಮೀಟರ್ ನೋಡಿ ಬರೆದುಕೊಳ್ಳುವ ಅಂಕಿ. ಎರಡನೆಯದು ಭಾಗಿಸಿ ತೆಗೆಯುವ ಅಂಕಿ. ಚಾಲಕ ಡೀಸೆಲ್ ಕದ್ದನೇ ಎಂಬ ಅನುಮಾನ ಹುಟ್ಟುವುದು ಈ ಎರಡನೆಯದರಿಂದ.

ಎಂ.ಟೆಕ್ ಮುಗಿಸಿ ಬೆಂಗಳೂರಿನಲ್ಲಿ ಕೆಲವು ವರ್ಷ ದುಡಿದ ನಾನು ಈಗ ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡ್‌ನಲ್ಲಿದ್ದೇನೆ. ಇದು ಪ್ರಕೃತಿ ಕೊಟ್ಟ ದ್ವೀಪವಲ್ಲ. ಬಂದರಿಗೆ ಹಡಗು ಬರಲೆಂದು ಬ್ರಿಟಿಷ್ ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ ಅವರ ನೇತೃತ್ವದಲ್ಲಿ ಹಿನ್ನೀರಿನ ತಳದಿಂದ ತೆಗೆದ ಹೂಳನ್ನು ಸುರಿದು ಮಾಡಿದ ನೆಲ. 2011ರಲ್ಲಿ ಕಂಟೇನರ್ ಟರ್ಮಿನಲ್ ಎದುರಿನ ವಲ್ಲಾರ್‌ಪಾಡಂಗೆ ಹೋಯಿತು. ಗೋದಾಮುಗಳು ಇಲ್ಲೂ ಉಳಿದವು. ಎರಡರ ನಡುವೆ ಲಾರಿಗಳ ಓಡಾಟ ತಪ್ಪಲಿಲ್ಲ.

ಅಂಥ ಲಾರಿಗಳ ಮಾಲೀಕರೊಬ್ಬರ ಲೆಕ್ಕವನ್ನು ಎಕ್ಸೆಲ್‌ನಿಂದ ತಂತ್ರಾಂಶಕ್ಕೆ ಸಾಗಿಸುವ ಕೆಲಸ ಕಳೆದ ವರ್ಷ ನಮ್ಮ ತಂಡಕ್ಕೆ ಬಂತು. ಅವರಿಗೆ ಕೊಚ್ಚಿಯಲ್ಲೊಂದು, ಸುಮಾರು ಇನ್ನೂರು ಕಿಲೋಮೀಟರ್ ದೂರದ ತಿರುವನಂತಪುರದಲ್ಲೊಂದು ಕಚೇರಿ. ಹಾಳೆ ಒಂದೇ ನಮೂನೆಯದಾದರೂ ರೂಢಿ ಬೇರೆ ಬೇರೆ. ಕೊಚ್ಚಿಯವರು ಡೀಸೆಲ್ ಹಾಕಿಸಿದಾಗಲೆಲ್ಲ ಮೀಟರ್ ರೀಡಿಂಗ್ ಬರೆಯುತ್ತಿದ್ದರು. ತಿರುವನಂತಪುರದವರು ಬಾಡಿಗೆ ಮುಗಿದ ಮೇಲೆ ಬರೆಯುತ್ತಿದ್ದರು. ಒಂದೇ ಗಾಡಿಯ ನಂಬರನ್ನು ನಾಲ್ಕು ಬಗೆಯಲ್ಲಿ ಬರೆದಿದ್ದರು, ಅಡ್ಡಗೆರೆ ಇಟ್ಟು, ಇಡದೆ, ಜಾಗ ಬಿಟ್ಟು, ಬಿಡದೆ. ಮನುಷ್ಯನ ಕಣ್ಣಿಗೆ ಅದು ಒಂದೇ ಲಾರಿ, ಯಂತ್ರಕ್ಕೆ ನಾಲ್ಕು. 3/4 ಎಂದು ಬರೆದದ್ದು ಏಪ್ರಿಲ್ ಮೂರೋ ಮಾರ್ಚ್ ನಾಲ್ಕೋ ಎಂಬುದು ಆ ಕಂಪ್ಯೂಟರಿನ ಸೆಟ್ಟಿಂಗ್ ಮೇಲೆ ನಿಂತಿತ್ತು.

ಇಂಥವನ್ನು ಸರಿಪಡಿಸುವುದು ಬೇಸರದ ಕೆಲಸ, ಆದರೆ ಕಷ್ಟದ್ದಲ್ಲ. ಕಷ್ಟ ಇದ್ದದ್ದು ಬಣ್ಣಗಳಲ್ಲಿ.

ಕೊಚ್ಚಿಯ ಹಾಳೆಯಲ್ಲಿ ಕೆಲವು ಸಾಲು ಹಳದಿ, ಕೆಲವು ಹಸಿರು. ಲೀಟರಿಗೆ 2.5 ಕಿಲೋಮೀಟರಿಗಿಂತ ಕಡಿಮೆ ಬಂದರೆ ಆ ಚೌಕ ತಾನಾಗಿಯೇ ಕೆಂಪಾಗುವಂತೆ ಮಾಲೀಕರು ಮಾಡಿಸಿದ್ದರು. ಕೆಂಪಾದರೆ ಚಾಲಕನ ಬಾಟಾದಲ್ಲಿ ಕಡಿತ. ಹೊಸ ತಂತ್ರಾಂಶದಿಂದ ಅವರು ಬಯಸಿದ್ದು, ಈ ಕಡಿತವೂ ತಾನಾಗಿಯೇ ಆಗಬೇಕು ಎಂದು.

ಒಂದು ತಿಂಗಳು ಹಳೆಯ ಹಾಳೆ, ಹೊಸ ತಂತ್ರಾಂಶ ಎರಡನ್ನೂ ಜೊತೆಜೊತೆಗೆ ನಡೆಸೋಣ ಎಂದು ಮೊದಲೇ ಗೊತ್ತುಮಾಡಿಕೊಂಡಿದ್ದೆವು. ತಿಂಗಳ ಕೊನೆಗೆ ತಂತ್ರಾಂಶ ಕೊಟ್ಟ ಪಟ್ಟಿಯಲ್ಲಿ ನಾಲ್ವರು ಚಾಲಕರ ಹೆಸರಿತ್ತು. ಲೆಕ್ಕ ಬರೆಯುವ ಹಿರಿಯರು ಕಳಿಸಿದ ಪಟ್ಟಿಯಲ್ಲಿ ಒಬ್ಬರದೂ ಇರಲಿಲ್ಲ. ಇಪ್ಪತ್ತು ವರ್ಷದಿಂದ ಅದೇ ಕುರ್ಚಿಯಲ್ಲಿರುವ ಅವರನ್ನು ಎಲ್ಲರೂ ಚೇಟ್ಟನ್ ಎನ್ನುತ್ತಾರೆ.

‘ಚೇಟ್ಟಾ, ಇವರನ್ನು ಯಾಕೆ ಬಿಟ್ಟಿರಿ?’ ಎಂದೆ.

‘ಮೋನೇ, ಹಳದಿ ಕಾಣಲಿಲ್ಲವಾ?’ ಎಂದರು.

ಹಳದಿ ಎಂದರೆ ಶೀತಲ ಕಂಟೇನರ್ ಸಾಗಿಸಿದ ದಿನ. ಕೊಚ್ಚಿ ಸಿಗಡಿ, ಮೀನು ರಫ್ತಿನ ಬಂದರು. ಆ ಕಂಟೇನರ್ ದಾರಿಯುದ್ದಕ್ಕೂ ತಣ್ಣಗಿರಬೇಕೆಂದರೆ ಟ್ರೇಲರಿಗೆ ಬೇರೆ ಜನರೇಟರ್ ಬೇಕು. ಅದಕ್ಕೂ ಡೀಸೆಲ್ ಬೇಕು. ಬಂಕಿನವರು ಎರಡನ್ನೂ ಒಂದೇ ಬಿಲ್ಲಿನಲ್ಲಿ ಬರೆಯುತ್ತಿದ್ದರು. ಆ ಲೀಟರುಗಳನ್ನೆಲ್ಲ ಲಾರಿಯ ತಲೆಗೆ ಕಟ್ಟಿದರೆ ಮೈಲೇಜ್ ಬೀಳದೆ ಇನ್ನೇನಾದೀತು? ಹಸಿರು ಎಂದರೆ ಟ್ಯಾಂಕ್ ಪೂರ್ತಿ ತುಂಬಿಸದ ದಿನ. ಚೇಟ್ಟನ್ ಪ್ರತಿ ತಿಂಗಳೂ ಈ ಸಾಲುಗಳನ್ನು ಕಣ್ಣಲ್ಲೇ ಬಿಡಿಸಿ ಲೆಕ್ಕ ಹಾಕುತ್ತಿದ್ದರು. ಯಾರೂ ಅದನ್ನು ಬರೆದಿಟ್ಟಿರಲಿಲ್ಲ, ಕೇಳಿಯೂ ಇರಲಿಲ್ಲ.

ಎಕ್ಸೆಲ್ ಹಾಳೆಯನ್ನು ಸಿಎಸ್‌ವಿ ಕಡತವಾಗಿ ಉಳಿಸಿದರೆ ಚೌಕದೊಳಗಿನ ಅಕ್ಷರ, ಅಂಕಿ ಮಾತ್ರ ದಾಟುತ್ತವೆ. ಬಣ್ಣ ದಾಟುವುದಿಲ್ಲ, ಅಂಚಿನ ಟಿಪ್ಪಣಿಯೂ ದಾಟುವುದಿಲ್ಲ. ನಾಲ್ವರು ಚಾಲಕರನ್ನು ಕಾಪಾಡುತ್ತಿದ್ದದ್ದು ಆ ಬಣ್ಣ. ಕಡತ ಬದಲಿಸುವಾಗ ಏನೋ ಬಿಟ್ಟುಹೋಗಿ ಯಾರಿಗೂ ತಿಳಿಯದೇ ಇರುವುದು ದೊಡ್ಡ ಸಂಸ್ಥೆಗಳಲ್ಲೂ ಉಂಟು. 2020ರಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆ ಹಳೆಯ ಎಕ್ಸೆಲ್ ನಮೂನೆ ಬಳಸಿದ್ದರಿಂದ 15,841 ಕೋವಿಡ್ ಪ್ರಕರಣಗಳು ವರದಿಯಿಂದ ಬಿಟ್ಟುಹೋಗಿದ್ದವು. ಆ ನಮೂನೆಯ ಹಾಳೆ 65,536 ಸಾಲಿಗೆ ಮುಗಿದುಬಿಡುತ್ತದೆ.

ಹಸಿರು ಸಾಲಿನ ಲೆಕ್ಕ ನಿಮ್ಮ ಸ್ವಂತ ಕಾರಿಗೂ ಅನ್ವಯಿಸುತ್ತದೆ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಮೀಟರ್ 48,200 ಇದ್ದಾಗ ಟ್ಯಾಂಕ್ ತುಂಬಿಸಿದಿರಿ. 48,400ರಲ್ಲಿ 60 ಲೀಟರ್ ಮಾತ್ರ ಹಾಕಿಸಿದಿರಿ. 48,640ರಲ್ಲಿ 100 ಲೀಟರ್ ಹಿಡಿದು ಟ್ಯಾಂಕ್ ಮತ್ತೆ ತುಂಬಿತು. ಸಾಲು ಸಾಲಾಗಿ ಭಾಗಿಸಿದರೆ ಮೊದಲು 3.33, ಆಮೇಲೆ 2.4. ಎರಡನೆಯದು ಕೆಂಪು, ಚಾಲಕ ಕಳ್ಳ! ನಿಜವಾದ ಲೆಕ್ಕ, ಟ್ಯಾಂಕ್ ತುಂಬಿದಲ್ಲಿಂದ ಮತ್ತೆ ತುಂಬುವವರೆಗಿನದು: 440 ಕಿಲೋಮೀಟರಿಗೆ 160 ಲೀಟರ್, ಅಂದರೆ 2.75. ಯಾರೂ ಏನೂ ಕದ್ದಿಲ್ಲ.

ಜಿಪಿಎಸ್ ಹಾಕಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರೂ ಇದ್ದಾರೆ. ವಿಲ್ಲಿಂಗ್ಡನ್ ಐಲ್ಯಾಂಡ್‌ನಿಂದ ಬೋಲ್‌ಗಾಟ್ಟಿಗೆ ಲಾರಿಗಳನ್ನೇ ಹೊತ್ತೊಯ್ಯುವ ರೋ-ರೋ ಹಡಗುಗಳನ್ನು 2021ರ ಫೆಬ್ರುವರಿಯಲ್ಲಿ ಪ್ರಧಾನಿ ದೇಶಕ್ಕೆ ಸಮರ್ಪಿಸಿದರು. ರಸ್ತೆಯಲ್ಲಿ 30 ಕಿಲೋಮೀಟರ್ ಆಗುವ ದಾರಿ ನೀರಿನಲ್ಲಿ 3.5 ಕಿಲೋಮೀಟರ್. ಹಡಗಿನ ಮೇಲೆ ನಿಂತ ಲಾರಿಯ ಚಕ್ರ ಉರುಳುವುದಿಲ್ಲ, ಮೀಟರ್ ಏರುವುದಿಲ್ಲ. ಜಿಪಿಎಸ್ ಮಾತ್ರ ಲಾರಿ ಓಡಿತು ಎನ್ನುತ್ತದೆ. ಗೇಟಿನ ಮುಂದೆ ಎಂಜಿನ್ ಆರಿಸದೆ ಸರದಿಯಲ್ಲಿ ನಿಂತ ಲಾರಿಯದು ಇದರ ತಿರುವುಮುರುವು. ಡೀಸೆಲ್ ಉರಿಯುತ್ತದೆ, ದೂರ ಸೊನ್ನೆ.

ಎರಡು ದಿನ ಚೇಟ್ಟನ್ ಪಕ್ಕದಲ್ಲಿ ಕೂತು ಬಣ್ಣಗಳನ್ನೆಲ್ಲ ಕಾಲಂಗಳಾಗಿ ಮಾಡಿದೆ. ಟ್ಯಾಂಕ್ ತುಂಬಿತೇ? ಜನರೇಟರಿಗೆ ಎಷ್ಟು ಲೀಟರ್? ಮೀಟರ್ ಬದಲಾಯಿಸಿತೇ? ರೋ-ರೋ ಹತ್ತಿತೇ? ತಂತ್ರಾಂಶದಲ್ಲಿ ಶಾಶ್ವತವಾಗಿ ಇಡುವುದು ರೀಡಿಂಗ್, ಲೀಟರ್, ದಿನಾಂಕ ಮತ್ತು ಈ ಉತ್ತರಗಳನ್ನು ಮಾತ್ರ. ಮೈಲೇಜನ್ನು ಬೇಕಾದಾಗ ಅವುಗಳಿಂದಲೇ ಲೆಕ್ಕ ಹಾಕುತ್ತದೆ. ತಪ್ಪಾಗಿ ಬರೆದ ರೀಡಿಂಗನ್ನು ಅಳಿಸುವಂತಿಲ್ಲ. ತಿದ್ದಿದವರ ಹೆಸರು, ಕಾರಣದೊಂದಿಗೆ ಹೊಸ ಸಾಲು ಬರುತ್ತದೆ. ಬಾಟಾ ಕಡಿತ ತಾನಾಗಿ ಆಗುವುದು ಬೇಡ ಎಂದು ಮಾಲೀಕರೊಂದಿಗೆ ಎರಡು ಸಲ ವಾದಿಸಬೇಕಾಯಿತು. ಹೊಸ ಕಾಲಂಗಳೊಂದಿಗೆ ಆ ತಿಂಗಳ ಲೆಕ್ಕ ಮತ್ತೆ ತೆಗೆದಾಗ ನಾಲ್ವರಲ್ಲಿ ಒಬ್ಬರೂ ಕೆಂಪಾಗಲಿಲ್ಲ. ಆಮೇಲೆ ಅವರು ಒಪ್ಪಿದರು. ಈಗ ತಂತ್ರಾಂಶ ‘ವಿಚಾರಿಸಿ’ ಎಂದಷ್ಟೇ ಹೇಳುತ್ತದೆ, ಚಾಲಕ ಕಾರಣ ಬರೆಯಲು ಅದರಲ್ಲೊಂದು ಜಾಗವೂ ಇದೆ.

ಹೊರರಾಜ್ಯದಲ್ಲಿರುವ ನಮ್ಮಲ್ಲಿ ಅನೇಕರು ಕಂಪನಿ ಕೊಟ್ಟ ಕಾರು ಓಡಿಸುತ್ತೇವೆ. ಅದನ್ನು ಪೂರ್ತಿ ಕಚೇರಿ ಕೆಲಸಕ್ಕೇ ಬಳಸಿದ್ದೆಂದು ತೋರಿಸಲು ಆದಾಯ ತೆರಿಗೆ ನಿಯಮಗಳು ಪ್ರಯಾಣದ ದಿನಾಂಕ, ಹೋದ ಊರು, ದೂರ, ಖರ್ಚು ಎಲ್ಲವನ್ನೂ ಕೇಳುತ್ತಾ ಬಂದಿವೆ. ಫ್ಯುಯೆಲಿಯೊದಂಥ ಆ್ಯಪ್ ಸಾಕು ಅನ್ನಿಸಿದರೆ ಅದು, ಸ್ವಂತ ಸರ್ವರ್‌ನಲ್ಲಿ ಇಡುವ ಹುಮ್ಮಸ್ಸಿದ್ದರೆ ಲ್ಯೂಬ್‌ಲಾಗರ್. ಎರಡೂ ಸಿಎಸ್‌ವಿ ಕಡತವನ್ನು ಒಳಗೆ ತೆಗೆದುಕೊಳ್ಳುತ್ತವೆ, ಹೊರಗೂ ಕೊಡುತ್ತವೆ. ಮುಂದೆ ಊರು ಬದಲಿಸಿದರೂ, ಆ್ಯಪ್ ಬದಲಿಸಿದರೂ ಲೆಕ್ಕ ನಿಮ್ಮ ಕೈಯಲ್ಲೇ ಇರಬೇಕು.

ನಿಮ್ಮ ಕಚೇರಿಯಲ್ಲೂ ಯಾವುದೋ ಹಳೆಯ ಎಕ್ಸೆಲ್ ಹಾಳೆಯನ್ನು ತಂತ್ರಾಂಶಕ್ಕೆ ಏರಿಸುವ ಮಾತು ನಡೆಯುತ್ತಿದ್ದರೆ, ಮಾರಾಟಗಾರರನ್ನು ಕರೆಸುವ ಮೊದಲು ಆ ಹಾಳೆ ತುಂಬುವವರ ಪಕ್ಕ ಒಂದು ಕುರ್ಚಿ ಎಳೆದುಕೊಂಡು ಕೂತು, ಯಾವ ಬಣ್ಣ ಯಾಕೆ ಎಂದು ಕೇಳಿ. ಚೇಟ್ಟನ್ ಇನ್ನೆರಡು ವರ್ಷಕ್ಕೆ ನಿವೃತ್ತರಾಗುತ್ತಾರೆ. ಹಳದಿ ಸಾಲಿನ ಅರ್ಥ ಈಗ ಅವರೊಬ್ಬರಿಗೇ ಗೊತ್ತಿರುವ ವಿಷಯವಲ್ಲ.