ಬೆರಳಿನ ಗಾಯ ಮಾಯುತ್ತೆ, ಹಾರ್ಟ್‌ದು ಯಾಕೆ ಮಾಯಲ್ಲ?

ಬೆರಳು ಕೊಯ್ದುಕೊಂಡರೆ ವಾರ-ಹತ್ತು ದಿನದಲ್ಲಿ ಚರ್ಮ ಕೂಡಿಕೊಳ್ಳುತ್ತೆ. ಹೃದಯಾಘಾತದಲ್ಲಿ ಸತ್ತ ಭಾಗ ಹಾಗೆ ಕೂಡಲ್ಲ. ವ್ಯತ್ಯಾಸ ಇರೋದು ಅಂಗಾಂಶದಲ್ಲಿ. ಒಟ್ಟಾಗಿ ಒಂದು ಕೆಲಸ ಮಾಡುವ ಜೀವಕೋಶಗಳ ಗುಂಪೇ ಅಂಗಾಂಶ. ನಮ್ಮ ದೇಹದಲ್ಲಿ ಮುಖ್ಯವಾಗಿ 4 ಬಗೆ.

ಅನುಲೇಪಕ: ಚರ್ಮದ ಮೇಲ್ಪದರ, ಬಾಯಿ-ಕರುಳಿನ ಒಳಪದರ. ಹೊದಿಕೆಯಂತೆ ಕಾಯುತ್ತೆ, ಬೇಗ ಹೊಸದಾಗುತ್ತೆ.

ಸಂಯೋಜಕ: ಮೂಳೆ, ರಕ್ತ, ಕೊಬ್ಬು. ದೇಹಕ್ಕೆ ಆಧಾರ. ಮುರಿದ ಮೂಳೆಯೂ ಕೂಡುತ್ತೆ.

ಸ್ನಾಯು: ಕೈಕಾಲು ಆಡಿಸುತ್ತೆ, ಹೃದಯ ಬಡಿಯುವಂತೆ ಮಾಡುತ್ತೆ.

ನರ: ಮಿದುಳಿನ ಸಂದೇಶ ಒಯ್ಯುತ್ತೆ, ತರುತ್ತೆ.

ಹೃದಯದ ಸ್ನಾಯು, ಮಿದುಳಿನ ನರಕೋಶ ಸತ್ತರೆ ಹೊಸದು ಹುಟ್ಟೋದು ತೀರಾ ಕಡಿಮೆ. ಅದಕ್ಕೇ ಎದೆ ಹಿಂಡಿದಂತೆ ನೋವು ಬಂದ್ರೆ ‘ಗ್ಯಾಸ್ಟ್ರಿಕ್ ಇರ್ಬೇಕು, ವ್ಯಾಪಾರ ಮುಗಿಸಿ ಹೋಗೋಣ’ ಅನ್ನಬೇಡಿ. ಬಾಯಿ ಸೊಟ್ಟಗಾಗಿ ಒಂದು ಕೈ ಸೋತರೂ ಅಷ್ಟೇ. ತಕ್ಷಣ 108ಕ್ಕೆ ಫೋನ್ ಮಾಡಿ.