ಗಾಜಿನ ತೊಟ್ಟಿಯ ನೀರು

ಗಿಡಗಳಿರುವ ಮೀನುತೊಟ್ಟಿಯ ನೀರನ್ನು ಎಷ್ಟು ದಿನಗಳಿಗೊಮ್ಮೆ ಬದಲಿಸಬೇಕು? ನೀರು ತಿಳಿಯಾಗಿದ್ದರೆ ಸಾಕೆಂದು ನಾವು ಭಾವಿಸುವುದುಂಟು. ಆದರೆ ಅದರಲ್ಲಿನ ವಿಷವು ಕಣ್ಣಿಗೆ ಕಾಣದು. ಮೀನಿನ ಮಲದಿಂದಲೂ ಮಿಕ್ಕ ಆಹಾರದಿಂದಲೂ ಅಮೋನಿಯ ಹುಟ್ಟುತ್ತದೆ. ಮರಳಿನಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟ್, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೇಟ್ ಗಿಡಗಳಿಗೆ ಗೊಬ್ಬರ. ಆದುದರಿಂದ ಗಿಡಗಳು ದಟ್ಟವಾಗಿದ್ದು ಮೀನುಗಳು ಕೆಲವೇ ಇದ್ದಲ್ಲಿ 2 ವಾರಗಳಿಗೊಮ್ಮೆ ಕಾಲುಭಾಗ ನೀರನ್ನು ಬದಲಿಸಿದರೆ ಸಾಕು. ಮೀನುಗಳು ಹೆಚ್ಚಿದ್ದರೆ ವಾರಕ್ಕೊಮ್ಮೆ ಬದಲಿಸಬೇಕು.

ಖಡಕ್‌ವಾಸಲಾ ಜಲಾಶಯದಿಂದ ನಮ್ಮ ಪುಣೆಗೆ ಬರುವ ನಲ್ಲಿನೀರಿಗೆ ಕ್ಲೋರಿನ್ ಬೆರೆಸಿರುತ್ತಾರೆ. ನಮಗೆ ರಕ್ಷಕವಾದ ಅದು ಮೀನಿನ ಕಿವಿರುಗಳಿಗೂ ಆ ಸೂಕ್ಷ್ಮಜೀವಿಗಳಿಗೂ ಮಾರಕ. ಅಗಲಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ತೊಟ್ಟಿಯನ್ನು ಪೂರ್ತಿ ಬರಿದುಮಾಡಿ ತೊಳೆಯುವುದು ಮಾತ್ರ ಸಲ್ಲದು. ಸೂಕ್ಷ್ಮಜೀವಿಗಳು ನಾಶವಾದರೆ ಮೀನುಗಳೂ ಉಳಿಯಲಾರವು. ತೆಗೆದ ನೀರನ್ನು ಚೆಲ್ಲದೆ ಹೂಕುಂಡಗಳಿಗೆ ಹಾಕೋಣ.