ಕುಸುಬೆ ಎಣ್ಣೆ, ಅಗಸೆ ಚಟ್ನಿ: ರಕ್ತದಲ್ಲಿ ಆಗುವುದೇನು?

ಗದಗ: ಕಪ್ಪತಗುಡ್ಡದ ಬುಡದಲ್ಲಿರುವ ಮುಂಡರಗಿ ತಾಲ್ಲೂಕಿನ ಡೋಣಿ ಹಾಗೂ ಸುತ್ತಲಿನ ಸೀಮೆಯ ಊಟದಲ್ಲಿ ಜೋಳದ ರೊಟ್ಟಿಯ ಪಕ್ಕ ಅಗಸೆ ಇಲ್ಲವೇ ಗುರೆಳ್ಳಿನ ಚಟ್ನಿಪುಡಿ, ಅದರ ಮೇಲೊಂದಿಷ್ಟು ಎಣ್ಣೆ ಇರುವುದು ವಾಡಿಕೆ. ಹಿಂಗಾರಿನ ಎರೆಹೊಲಗಳಲ್ಲಿ ಜೋಳ, ಕಡಲೆಯ ನಡುವೆ ಅಕ್ಕಡಿ ಸಾಲಾಗಿ, ದನ ನುಗ್ಗದಂತೆ ಅಂಚಿಗೆ ಮುಳ್ಳಿನ ಬೇಲಿಯಾಗಿಯೂ ಬೆಳೆಯುತ್ತಿದ್ದ ಕುಸುಬೆ ಆ ಎಣ್ಣೆಯ ಮೂಲಗಳಲ್ಲೊಂದು. ಅಗ್ಗದ ತಾಳೆ ಎಣ್ಣೆಯ ಮುಂದೆ ಹಿಂದೆ ಸರಿದ ಈ ಎಣ್ಣೆ ಈಗ ‘ಹೃದಯಕ್ಕೆ ಹಿತ’ ಎಂಬ ಹಣೆಪಟ್ಟಿ ಹೊತ್ತು ನಗರದ ಅಂಗಡಿಗಳಿಗೆ ಬಂದಿದೆ. ಈ ಹಣೆಪಟ್ಟಿ ಎಷ್ಟರ ಮಟ್ಟಿಗೆ ನಿಜ?

ಕುಸುಬೆ ಎಣ್ಣೆಯ ಸಾಂಪ್ರದಾಯಿಕ ತಳಿಗಳಲ್ಲಿ ಸುಮಾರು ಶೇ 75ರಷ್ಟು ಲಿನೋಲಿಕ್ ಆಮ್ಲವಿರುತ್ತದೆ. ಇದು ಒಮೆಗಾ-6 ವರ್ಗದ ಬಹು ಅಪರ್ಯಾಪ್ತ ಕೊಬ್ಬಿನಾಮ್ಲ. ಶೇಂಗಾ ಎಣ್ಣೆಯಲ್ಲಿ ಅದರ ಪ್ರಮಾಣ ಇದರ ಅರ್ಧಕ್ಕೂ ಕಡಿಮೆ. ತಾಳೆ ಎಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಪರ್ಯಾಪ್ತ ಕೊಬ್ಬೇ ಇರುತ್ತದೆ.

ರಕ್ತದಲ್ಲಿ ಕೊಲೆಸ್ಟ್ರಾಲನ್ನು ಹೊತ್ತೊಯ್ಯುವ ಎಲ್‌ಡಿಎಲ್ ಕಣಗಳನ್ನು ಯಕೃತ್ತು ತನ್ನ ಗ್ರಾಹಕಗಳ ಮೂಲಕ ಹಿಡಿದು ತೆಗೆದುಹಾಕುತ್ತದೆ. ಪರ್ಯಾಪ್ತ ಕೊಬ್ಬು ಹೆಚ್ಚಾದಾಗ ಈ ಗ್ರಾಹಕಗಳ ಕೆಲಸ ಕುಗ್ಗಿ, ಎಲ್‌ಡಿಎಲ್ ರಕ್ತದಲ್ಲೇ ಉಳಿಯುತ್ತದೆ. ಲಿನೋಲಿಕ್ ಆಮ್ಲ ಗ್ರಾಹಕಗಳನ್ನು ಚುರುಕುಗೊಳಿಸುತ್ತದೆ. ಆದರೆ ಎರಡರ ತೂಕ ಸಮನಲ್ಲ. ಅಮೆರಿಕದ ಆನ್ಸೆಲ್ ಕೀಸ್ ರೂಪಿಸಿದ ಸೂತ್ರದ ಪ್ರಕಾರ, ಪರ್ಯಾಪ್ತ ಕೊಬ್ಬು ಕೊಲೆಸ್ಟ್ರಾಲನ್ನು ಎಷ್ಟು ಏರಿಸುವುದೋ ಅದರ ಅರ್ಧದಷ್ಟನ್ನು ಮಾತ್ರ ಅಷ್ಟೇ ಪ್ರಮಾಣದ ಬಹು ಅಪರ್ಯಾಪ್ತ ಕೊಬ್ಬು ಇಳಿಸುತ್ತದೆ. ಅಂದರೆ ವನಸ್ಪತಿ, ತಾಳೆ ಎಣ್ಣೆಯ ತಿಂಡಿಗಳನ್ನು ಬಿಡದೆ ಮೇಲಿಂದ ಕುಸುಬೆ ಎಣ್ಣೆ ಸುರಿದರೆ ಹೆಚ್ಚೇನೂ ಸಿಗದು.

ಕೊಲೆಸ್ಟ್ರಾಲ್ ಇಳಿದ ಮಾತ್ರಕ್ಕೆ ಎಲ್ಲವೂ ಸರಿಹೋಯಿತೇ? ಇಲ್ಲಿಯೇ ವಿವಾದವಿದೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 1966ರಿಂದ 1973ರವರೆಗೆ ಹೃದ್ರೋಗ ಕಂಡುಬಂದಿದ್ದ 458 ಪುರುಷರ ಮೇಲೆ ನಡೆದ ಪ್ರಯೋಗದಲ್ಲಿ ಒಂದು ಗುಂಪಿಗೆ ಕುಸುಬೆ ಎಣ್ಣೆ ಮತ್ತು ಅದರ ಮಾರ್ಗರಿನ್ ನೀಡಲಾಗಿತ್ತು. ಅವರ ಕೊಲೆಸ್ಟ್ರಾಲ್ ಇಳಿಯಿತು. ಆದರೆ 2013ರಲ್ಲಿ ಹಳೆಯ ದಾಖಲೆಗಳನ್ನು ಮರುಪರಿಶೀಲಿಸಿದಾಗ ಆ ಗುಂಪಿನ ಸಾವಿನ ಪ್ರಮಾಣ ಶೇ 17.6, ಇನ್ನೊಂದು ಗುಂಪಿನದು ಶೇ 11.8 ಎಂದು ಕಂಡುಬಂತು. ಮಾರ್ಗರಿನ್‌ನಲ್ಲಿ ಟ್ರಾನ್ಸ್ ಕೊಬ್ಬು ಇದ್ದಿರಬಹುದೆಂಬ ಆಕ್ಷೇಪವೂ ಇದೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2017ರಲ್ಲಿ ಇತರ ಪ್ರಯೋಗಗಳನ್ನು ಪರಿಗಣಿಸಿ, ಪರ್ಯಾಪ್ತ ಕೊಬ್ಬಿನ ಜಾಗಕ್ಕೆ ಬಹು ಅಪರ್ಯಾಪ್ತ ಎಣ್ಣೆ ಬಂದರೆ ಹೃದ್ರೋಗ ಸುಮಾರು ಶೇ 30ರಷ್ಟು ತಗ್ಗುತ್ತದೆ ಎಂದಿತು. ಒಂದೇ ಎಣ್ಣೆಗೆ ಅಂಟಿಕೊಳ್ಳದೆ ಬದಲಿಸುತ್ತಿರಬೇಕೆಂಬ ಆಹಾರ ತಜ್ಞರ ಸಲಹೆ ಈ ಹಿನ್ನೆಲೆಯಲ್ಲಿ ಅರ್ಥಪೂರ್ಣ.

ಲಿನೋಲಿಕ್ ಆಮ್ಲ ಗಾಳಿ, ಶಾಖಕ್ಕೆ ಬೇಗ ಕೆಡುತ್ತದೆ. ದೇಹದೊಳಗೂ ಉತ್ಕರ್ಷಣಗೊಂಡು ಬೇರೆ ಪದಾರ್ಥಗಳಾಗುತ್ತದೆ. 12 ವಾರ ಲಿನೋಲಿಕ್ ಆಮ್ಲವನ್ನು ಕಡಿಮೆ ಮಾಡಿದ ಆಹಾರ ಸೇವಿಸಿದವರ ರಕ್ತದಲ್ಲಿ ಈ ಪದಾರ್ಥಗಳು ತಗ್ಗಿದ್ದನ್ನು 2012ರ ಅಧ್ಯಯನ ತೋರಿಸಿತು. ಹೃದಯಾಘಾತದೊಂದಿಗೆ ಅವುಗಳ ನಂಟು ಇನ್ನೂ ಸಾಬೀತಾಗಿಲ್ಲ. ಆದರೂ ಮಿರ್ಚಿ ಕರಿದ ಬಾಣಲೆಯ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದಕ್ಕೆ ಇದು ಒಪ್ಪುವ ಎಣ್ಣೆಯಲ್ಲ. ಕರಿದ ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳು ಶೇ 25 ದಾಟಿದರೆ ಅದನ್ನು ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈನಿಂದ ನಿಯಮ ಮಾಡಿದೆ.

ಅಗಸೆಯ ಕಥೆ ಬೇರೆ. ಅದರ ಎಣ್ಣೆಯ ಅರ್ಧಕ್ಕಿಂತ ಹೆಚ್ಚು ಪಾಲು ಒಮೆಗಾ-3 ವರ್ಗದ ಆಲ್ಫಾ ಲಿನೋಲೆನಿಕ್ ಆಮ್ಲ. ರಕ್ತದ ಟ್ರೈಗ್ಲಿಸರೈಡನ್ನು ಸ್ಪಷ್ಟವಾಗಿ ಇಳಿಸುವುದು ಮೀನಿನಲ್ಲಿರುವ ಇಪಿಎ, ಡಿಎಚ್ಎ. ಅಗಸೆಯ ಆಮ್ಲವನ್ನು ದೇಹ ಅವುಗಳಾಗಿ ಪರಿವರ್ತಿಸುವುದು ಅತ್ಯಲ್ಪ. ಆದ್ದರಿಂದ ‘ಅಗಸೆ ಎಂದರೆ ಸಸ್ಯಾಹಾರಿಗಳ ಮೀನೆಣ್ಣೆ’ ಎಂಬ ಜಾಹೀರಾತು ಅತಿಶಯೋಕ್ತಿ. ಹಾಗೆಂದು ಅಗಸೆ ನಿಷ್ಪ್ರಯೋಜಕವಲ್ಲ. ಅದರ ನಾರು ಎಲ್‌ಡಿಎಲ್ ತಗ್ಗಿಸಲು ನೆರವಾಗುತ್ತದೆ. ವೈದ್ಯರು ಕೊಟ್ಟ ಕೊಲೆಸ್ಟ್ರಾಲ್ ಮಾತ್ರೆಗೆ ಮಾತ್ರ ಇದು ಪರ್ಯಾಯವಲ್ಲ.

ಇಡಿಯಾಗಿ ನುಂಗಿದ ಅಗಸೆ ಬಹುಪಾಲು ಜೀರ್ಣವಾಗದೆ ಹೊರಹೋಗುತ್ತದೆ. ಹುರಿದು ಕುಟ್ಟುವ ಉತ್ತರ ಕರ್ನಾಟಕದ ಅಡುಗೆಮನೆಗಳು ಈ ತೊಡಕನ್ನು ಎಂದೋ ನಿವಾರಿಸಿವೆ. ಪುಡಿಯಾದ ಮೇಲೆ ಗಾಳಿ ತಾಗಿ ಅದೂ ಬೇಗ ಕಮಟುತ್ತದೆ. ಹೀಗಾಗಿ ತಿಂಗಳುಗಟ್ಟಲೆಗೆ ಬೇಕಾದಷ್ಟನ್ನು ಒಮ್ಮೆಗೇ ಕುಟ್ಟಿಡುವುದಕ್ಕಿಂತ ವಾರಕ್ಕಾಗುವಷ್ಟನ್ನು ಕುಟ್ಟಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡುವುದು ಲೇಸು.